ಬ್ರಾ ಅಳತೆ: 36 ಬಿ ಸರಿಯೋ, 32 ಡಿ ಸರಿಯೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮದುವೆಗೆ ಮೊದಲಿನಿಂದಲೂ ನಾನು 36 ಬಿ ಅಳತೆಯ ಬ್ರಾವನ್ನೇ ಕೊಳ್ಳುತ್ತ ಬಂದವಳು. ಮಗುವಿಗೆ ಹಾಲು ಬಿಡಿಸಿದ ಮೇಲೆ ಆ ಅಳತೆ ಸ್ವಲ್ಪವೂ ಒಗ್ಗುತ್ತಿಲ್ಲ. ಕೈಯೆತ್ತಿದರೆ ಕಪ್ಪಿನ ಕೆಳಗಿನ ಅಂಚು ಎದೆಯ ಮೇಲೆ ಹತ್ತುತ್ತದೆ, ಹಿಂದಿನ ಪಟ್ಟಿ ಬೆನ್ನಿನ ಮೇಲಕ್ಕೇರುತ್ತದೆ. ಅದನ್ನು ತಡೆಯಲೆಂದು ಹೆಗಲ ಪಟ್ಟಿಗಳನ್ನು ಬಿಗಿ ಮಾಡಿದರೆ ಸಂಜೆಯ ಹೊತ್ತಿಗೆ ಹೆಗಲಿನಲ್ಲಿ ಕೆಂಪು ಬರೆ ಮೂಡಿರುತ್ತದೆ. ಟೇಪು ಹಿಡಿದು ಅಳೆದಾಗ ಎದೆಯ ಕೆಳಗಿನ ಸುತ್ತಳತೆ 32 ಇಂಚು, ಎದೆ ತುಂಬಿರುವಲ್ಲಿ 36 ಇಂಚು ಬಂದಿತು. ಒಂದು ಕೋಷ್ಟಕವು ಕೆಳಗಿನ ಸುತ್ತಳತೆಗೆ 4 ಇಂಚು ಕೂಡಿಸಬೇಕೆನ್ನುತ್ತದೆ. ಇನ್ನೊಂದು ಏನನ್ನೂ ಕೂಡಿಸದೆ 32 ಡಿ ಎನ್ನುತ್ತದೆ. ನನ್ನದು ಸಾಧಾರಣ ಮೈಕಟ್ಟು, ಆದ್ದರಿಂದ ಡಿ ಕಪ್ ಎಂದರೆ ನಂಬಿಕೆಯೇ ಬರುತ್ತಿಲ್ಲ. ಯಾವ ಲೆಕ್ಕವನ್ನು ಹಿಡಿಯಲಿ?

ಉತ್ತರ 1

ಕೂಡಿಸದ ಲೆಕ್ಕವನ್ನೇ ಹಿಡಿಯಿರಿ. 4 ಇಂಚು ಕೂಡಿಸುವ ಕ್ರಮ ಹೆಚ್ಚು ಹಿಗ್ಗದ ಬಟ್ಟೆಯಲ್ಲಿ ಬ್ರಾ ಹೊಲಿಯುತ್ತಿದ್ದ ಕಾಲಕ್ಕೆ ಹೊಂದುವಂಥದ್ದು. ಈಗಿನ ಎಲಾಸ್ಟಿಕ್ ಪಟ್ಟಿ ತಾನಾಗಿಯೇ ಹಿಗ್ಗುತ್ತದೆ. ನಿಮ್ಮ ಅಂಕಿಗಳಿಗೇ ಆ ಕ್ರಮವನ್ನು ಹಚ್ಚಿ ನೋಡಿ: ಪಟ್ಟಿ 36 ಆಗುತ್ತದೆ, ಎದೆಯೂ 36, ವ್ಯತ್ಯಾಸ ಸೊನ್ನೆ, ಅಂದರೆ ನಿಮಗೆ ಕಪ್ಪೇ ಬೇಡವೆಂದು ಕೋಷ್ಟಕ ತೀರ್ಪು ಕೊಟ್ಟಂತಾಯಿತು.

ಡಿ ಎಂಬ ಅಕ್ಷರಕ್ಕೆ ಹೆದರಬೇಕಾಗಿಲ್ಲ. ಇಂಚಿನ ಲೆಕ್ಕದಲ್ಲಿ ಎರಡು ಸುತ್ತಳತೆಗಳ ನಡುವಿನ ವ್ಯತ್ಯಾಸ 1 ಇದ್ದರೆ ಎ, 2 ಇದ್ದರೆ ಬಿ, 3 ಇದ್ದರೆ ಸಿ, 4 ಇದ್ದರೆ ಡಿ. ಅಕ್ಷರವೊಂದರಿಂದಲೇ ಗಾತ್ರ ತಿಳಿಯುವುದಿಲ್ಲ, ಏಕೆಂದರೆ ಪಟ್ಟಿ ಬದಲಾದಂತೆ ಅದೇ ಅಕ್ಷರದ ಕಪ್ಪಿನ ಒಳಗಾತ್ರವೂ ಬದಲಾಗುತ್ತದೆ. 36 ಬಿ, 34 ಸಿ, 32 ಡಿ ಈ ಮೂರರ ಕಪ್ಪುಗಳೂ ಹೆಚ್ಚುಕಡಿಮೆ ಒಂದೇ ಗಾತ್ರದವು. ಇವನ್ನು ಸಿಸ್ಟರ್ ಸೈಜ್ ಎನ್ನುತ್ತಾರೆ. ಹಾಗಾಗಿ ನಿಮ್ಮ ಕಪ್ಪು ತಪ್ಪಿಲ್ಲ, ಪಟ್ಟಿ ಸಡಿಲವಾಗಿದೆ. ಎದೆಯ ಭಾರದ ಬಹುಪಾಲನ್ನು ಹೊರಬೇಕಾದದ್ದು ಎದೆಯ ಕೆಳಗಿನ ಪಟ್ಟಿಯೇ ಹೊರತು ಹೆಗಲಲ್ಲ. ಪಟ್ಟಿ ಆ ಕೆಲಸವನ್ನು ಬಿಟ್ಟುಕೊಟ್ಟಾಗ ಭಾರವೆಲ್ಲ ಹೆಗಲಿಗೆ ಬರುತ್ತದೆ, ಹಿಂದಿನ ಭಾಗ ಮೇಲಕ್ಕೆ ಜಗ್ಗುತ್ತದೆ. ನಿಮ್ಮ ಕೆಂಪು ಬರೆಗೆ ಇದೇ ಕಾರಣ.

ಹೊಸ ಬ್ರಾವನ್ನು ಹಾಕಿ ನೋಡುವಾಗ ಎಲ್ಲಕ್ಕಿಂತ ಹೊರಗಿನ, ಅಂದರೆ ಸಡಿಲವಾದ ಹುಕ್ಕಿಗೆ ಹಾಕಿ. ದಿನ ಕಳೆದು ಎಲಾಸ್ಟಿಕ್ ಹಿಗ್ಗಿದಂತೆ ಒಳಗಿನ ಹುಕ್ಕುಗಳು ಉಪಯೋಗಕ್ಕೆ ಬರಬೇಕು. ಸ್ವಲ್ಪ ಮುಂದಕ್ಕೆ ಬಾಗಿ, ಕಂಕುಳ ಕಡೆ ಉಳಿದ ಭಾಗವನ್ನು ಕೈಯಿಂದ ಕಪ್ಪಿನೊಳಗೆ ತಂದುಕೊಂಡು, ಆಮೇಲೆ ನೆಟ್ಟಗೆ ನಿಂತು ನೋಡಿ. ಬಹುಪಾಲು ಹೆಂಗಸರು ಬಿಟ್ಟುಬಿಡುವ ಹಂತ ಇದೇ, ಇದರಿಂದಾಗಿಯೇ ಚಿಕ್ಕ ಕಪ್ಪು ಸರಿಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಪಟ್ಟಿ ಸುತ್ತಲೂ ಒಂದೇ ಮಟ್ಟದಲ್ಲಿರಬೇಕು, ತಂತಿ ಇದ್ದರೆ ಅದು ಸ್ತನದ ಮೇಲೆ ಒತ್ತದೆ ಅದರ ಬುಡದ ಸುತ್ತ ಕೂರಬೇಕು, ಎರಡು ಕಪ್ಪುಗಳ ನಡುವಿನ ತುಂಡು ಎದೆಮೂಳೆಗೆ ತಾಗಿರಬೇಕು. ಮೇಲಂಚಿನಲ್ಲಿ ಮೈ ಉಕ್ಕಿದರೆ ಕಪ್ಪು ಚಿಕ್ಕದು, ಬಟ್ಟೆ ಸುಕ್ಕುಗಟ್ಟಿದರೆ ದೊಡ್ಡದು.

ಪ್ರಶ್ನೆ ಕೇಳಿದವರು

ವಿವರಕ್ಕೆ ತುಂಬಾ ಧನ್ಯವಾದಗಳು. 32 ಡಿ ಹಾಕಿ ನೋಡಿದೆ. ಕಪ್ಪು ಸರಿಯಾಗಿಯೇ ಕೂತಿತು, ಆದರೆ ಕುಳಿತುಕೊಂಡಾಗ ಪಟ್ಟಿ ಪಕ್ಕೆಲುಬಿಗೆ ಒತ್ತುತ್ತದೆ. ಹಾಗಾದರೆ 34 ಸಿ ಕೊಂಡರೆ ತಪ್ಪಾದೀತೇ?

ಉತ್ತರ 2

ತಪ್ಪೇನಿಲ್ಲ. ಎಲಾಸ್ಟಿಕ್ಕಿನ ಗಡಸುತನ ಒಂದೊಂದು ತಯಾರಿಕೆಯಲ್ಲಿ ಒಂದೊಂದು ತರ ಇರುತ್ತದೆ; ಒಂದು ಕಡೆಯ 32 ಇನ್ನೊಂದು ಕಡೆಯ 34ಕ್ಕಿಂತ ಸಡಿಲವಿರುವುದೂ ಉಂಟು. ಹಿಂದಿನ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು, ಮುಷ್ಟಿ ತೂರಬಾರದು. ಹಾಲು ಬಿಡಿಸಿದ ಮೇಲೆ ಎದೆಯ ಗಾತ್ರ ಒಂದು ಸ್ಥಿತಿಗೆ ಬರಲು ಕೆಲವು ತಿಂಗಳು ಹಿಡಿಯಬಹುದಾದ್ದರಿಂದ ಈಗಲೇ ಹೆಚ್ಚು ಕೊಳ್ಳದೆ, ಆಮೇಲೆ ಮತ್ತೊಮ್ಮೆ ಅಳೆದು ನೋಡುವುದು ಒಳ್ಳೆಯದು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎದೆ ಊದಿಕೊಳ್ಳುವ ಅಭ್ಯಾಸವಿದ್ದರೆ ಆ ದಿನಗಳ ಅಳತೆಯನ್ನು ನಂಬಬೇಡಿ.

ಪ್ರಶ್ನೆ, ಇನ್ನೊಬ್ಬರಿಂದ

ಇದಕ್ಕೇ ಸೇರಿದ ಒಂದು ಮಾತು. ನಾನೀಗ ಏಳು ತಿಂಗಳ ಗರ್ಭಿಣಿ. ಹಾಲೂಡಿಸುವ ಬ್ರಾವನ್ನು ಈಗಲೇ ಕೊಳ್ಳಲೇ, ಹೆರಿಗೆಯಾದ ಮೇಲೆ ಕೊಳ್ಳಲೇ?

ಉತ್ತರ 3

ಕೊನೆಯ ತಿಂಗಳಿನಲ್ಲಿ ಒಂದೆರಡು ಮಾತ್ರ ಕೊಳ್ಳಿ. ಹೊಟ್ಟೆ ಬೆಳೆದಂತೆ ಪಕ್ಕೆಲುಬಿನ ಗೂಡೂ ಅಗಲವಾಗುತ್ತದೆ, ಹೆರಿಗೆಯ ನಂತರ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಆದ್ದರಿಂದ ಈಗ ಹೊರಗಿನ ಹುಕ್ಕಿಗೆ ಸರಿಹೋಗುವ ಬ್ರಾ ಮುಂದೆ ಒಳಗಿನ ಹುಕ್ಕುಗಳಿಗೆ ಸರಿಹೋಗುತ್ತದೆ. ಈಗಿರುವ ಬ್ರಾಗಳಿಗೆ ಹಿಂದೆ ಸಿಕ್ಕಿಸುವ ಎಕ್ಸ್‌ಟೆಂಡರ್ ತುಂಡೊಂದು ಸಾಕಾಗಬಹುದು. ಹೆರಿಗೆಯಾದ ಎರಡರಿಂದ ಐದು ದಿನಗಳೊಳಗೆ ಹಾಲು ತುಂಬಿ ಎದೆ ಗಟ್ಟಿಯಾಗುವುದು ಸಾಮಾನ್ಯ, ಕಪ್ಪಿನಲ್ಲಿ ಅದಕ್ಕೆಂದು ಜಾಗ ಬಿಟ್ಟಿರಬೇಕು. ಆ ಮೊದಲ ವಾರಗಳಲ್ಲಿ ತಂತಿಯಿರುವ ಬ್ರಾ ಬೇಡ. ಒಂದೇ ಜಾಗವನ್ನು ಒತ್ತುತ್ತಿದ್ದರೆ ಅಲ್ಲಿ ಹಾಲು ಕಟ್ಟಿಕೊಳ್ಳಬಹುದು. ಕೊಳ್ಳುವಾಗ ಕಪ್ಪಿನ ಕೊಂಡಿಯನ್ನು ಒಂದೇ ಕೈಯಲ್ಲಿ ಬಿಚ್ಚಿ ಹಾಕಿ ನೋಡಿ, ಏಕೆಂದರೆ ಇನ್ನೊಂದು ಕೈಯಲ್ಲಿ ಮಗುವಿರುತ್ತದೆ.

ಉತ್ತರ 4

ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಓಡುವವರಿಗೂ ಹಾರಿ ಕುಣಿಯುವ ವ್ಯಾಯಾಮ ಮಾಡುವವರಿಗೂ ದಿನಬಳಕೆಯ ಬ್ರಾ ಎಷ್ಟೇ ಸರಿಯಾಗಿದ್ದರೂ ಸಾಲದು, ಏಕೆಂದರೆ ಓಡುವಾಗ ಎದೆ ಮೇಲೆ ಕೆಳಗೆ ಮಾತ್ರವಲ್ಲ, ಪಕ್ಕಕ್ಕೂ ಮುಂದಕ್ಕೂ ಅಲುಗುತ್ತದೆ. ಚಿಕ್ಕ ಎದೆಯವರಿಗೆ ಒತ್ತಿ ಹಿಡಿಯುವ ಸ್ಪೋರ್ಟ್ಸ್ ಬ್ರಾ ಸಾಕು. ಭಾರವಿದ್ದವರಿಗೆ ಎರಡೂ ಕಡೆ ಬೇರೆ ಬೇರೆ ಕಪ್ಪಿರುವುದೇ ಮೇಲು. ಹಾಕಿಕೊಂಡು ನಿಂತಲ್ಲೇ ಜಿಗಿದು ನೋಡಿದರೆ ಉತ್ತರ ತಿಳಿಯುತ್ತದೆ, ನಾಚಿಕೆ ಪಡುವುದೇನೂ ಬೇಡ.

ಇನ್ನು ಮುಟ್ಟು ನಿಲ್ಲುವ ವಯಸ್ಸಿನವರ ಮಾತು. ಆಗ ಸ್ತನದೊಳಗಿನ ಗ್ರಂಥಿಯ ಭಾಗ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುವುದರಿಂದ ಎದೆ ಮೆತ್ತಗಾಗುತ್ತದೆ. ತೂಕ ಬದಲಾಗದಿದ್ದರೂ ಹಳೆಯ ಕಪ್ಪಿನ ಮೇಲ್ಭಾಗ ಖಾಲಿ ಉಳಿಯುತ್ತದೆ. ಇಂಥವರು ಅಳತೆಗಿಂತ ಮೊದಲು ಕಪ್ಪಿನ ಆಕಾರವನ್ನು ಬದಲಿಸಿ ನೋಡಬೇಕು. ಸ್ತನದ ಶಸ್ತ್ರಚಿಕಿತ್ಸೆ ಆದವರಂತೂ ಗಾಯ ಮಾಯುವವರೆಗೆ ಯಾವ ಬ್ರಾ ಹಾಕಬೇಕೆಂಬುದನ್ನು ತಮ್ಮ ವೈದ್ಯರನ್ನೇ ಕೇಳಬೇಕು. ಆಮೇಲೆ ಕೃತಕ ಸ್ತನವನ್ನು ಇರಿಸಿಕೊಳ್ಳಲು ಒಳಜೇಬು ಇರುವ ಬ್ರಾಗಳು ಸಿಗುತ್ತವೆ. ಎರಡು ಕಡೆ ಸ್ವಲ್ಪ ಹೆಚ್ಚುಕಡಿಮೆ ಇರುವುದು ಸಹಜ, ದೊಡ್ಡ ಕಡೆಗೆ ಹೊಂದುವ ಕಪ್ಪನ್ನು ತೆಗೆದುಕೊಂಡು ಇನ್ನೊಂದು ಕಡೆ ತೆಳುವಾದ ಪ್ಯಾಡ್ ಇಟ್ಟರಾಯಿತು. ಆದರೆ ಮೊದಲಿಲ್ಲದ ವ್ಯತ್ಯಾಸ ಈಗ ಒಂದೇ ಕಡೆ ಕಾಣಿಸಿದರೆ, ಗಂಟು ಕೈಗೆ ಸಿಕ್ಕರೆ, ಚರ್ಮ ಒಳಕ್ಕೆ ಎಳೆದಂತಾದರೆ, ಅಳತೆಯ ಟೇಪನ್ನು ಪಕ್ಕಕ್ಕಿಟ್ಟು ತಡಮಾಡದೆ ವೈದ್ಯರಿಗೆ ತೋರಿಸಿ.