ಜಿಮ್ ಹೆನ್ಸನ್ ಬಗ್ಗೆ ಮಕ್ಕಳಿಗೆ ಹೇಳಬೇಕು, ಎಲ್ಲಿಂದ ಶುರು ಮಾಡಲಿ?

ಡೊಂಬಿವಲಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹದಿನಾಲ್ಕು ಮಕ್ಕಳಿದ್ದಾರೆ, ಏಳರಿಂದ ಹನ್ನೊಂದು ವರ್ಷದವರು. ಮನೆಯಲ್ಲಿ ಕನ್ನಡ ಇಲ್ಲಾ ತುಳು, ಹೊರಗೆ ಕಾಲಿಟ್ಟರೆ ಮರಾಠಿ, ಹಿಂದಿ. ಬರೆಯಿರಿ ಅಂದರೆ ಬರೆಯುತ್ತಾರೆ. ಮಾತಾಡಿ ಅಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಾರೆ.

ಹೋದ ತಿಂಗಳು ಒಂದು ಹಳೇ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಕೈಗೆ ಹಾಕಿಕೊಂಡು ಹೋಗಿದ್ದೆ. ಒಂದು ವರ್ಷದಿಂದ ನನ್ನ ಹತ್ತಿರ ಒಂದು ವಾಕ್ಯ ಪೂರ್ತಿ ಆಡದ ಹುಡುಗಿ, ಆ ಕಾಲುಚೀಲದ ಹತ್ತಿರ ಹತ್ತು ನಿಮಿಷ ಮಾತಾಡಿದಳು. ಅಜ್ಜಿಯ ಮಂಡಿನೋವು, ಲೋಕಲ್ ರೈಲಿನಲ್ಲಿ ಕಳೆದುಹೋದ ಕೊಡೆ, ಎಲ್ಲಾ ಹೇಳಿದಳು. ಅಚ್ಚ ಕನ್ನಡದಲ್ಲಿ! ಅವಳು ನನ್ನ ಮುಖ ನೋಡಲೇ ಇಲ್ಲ, ಗುಂಡಿಗಳನ್ನೇ ನೋಡುತ್ತಿದ್ದಳು.

ಅವತ್ತಿನಿಂದ ಗೊಂಬೆಗಳ ಬಗ್ಗೆ ಓದುತ್ತಿದ್ದೇನೆ. ಅಮೆರಿಕದ ಟಿವಿಯಲ್ಲಿ ಗೊಂಬೆ ಆಡಿಸಿ ಹೆಸರಾದ ಜಿಮ್ ಹೆನ್ಸನ್ ಅವರ ಬದುಕು ನನ್ನನ್ನು ಹಿಡಿದುಬಿಟ್ಟಿದೆ. ಒಂದು ಪೂರ್ತಿ ಕ್ಲಾಸು ಅವರ ಬಗ್ಗೆ ಮಾತಾಡಿ, ಮಕ್ಕಳ ಕೈಯಲ್ಲೇ ಒಂದು ಗೊಂಬೆ ಮಾಡಿಸಬೇಕು ಅಂತ ಆಸೆ. ನನ್ನ ಪ್ರಶ್ನೆಗಳು ಇಷ್ಟು. ಎಲ್ಲಿಂದ ಶುರು ಮಾಡಲಿ? ನಮ್ಮ ಊರಿನ ಗೊಂಬೆಯಾಟಕ್ಕೂ ಅವರು ಟಿವಿಯಲ್ಲಿ ಮಾಡಿದ್ದಕ್ಕೂ ಏನು ವ್ಯತ್ಯಾಸ ಅಂತ ಹೇಗೆ ವಿವರಿಸಲಿ? ಅವರು 53 ವರ್ಷಕ್ಕೇ ತೀರಿಕೊಂಡರಲ್ಲ, ಅದನ್ನು ಇಷ್ಟು ಚಿಕ್ಕ ಮಕ್ಕಳಿಗೆ ಹೇಳಬೇಕಾ?

ಕುಂದಾಪ್ರದವ, ಬೊರಿವಲಿ:

ಟೀಚರ್, ನಾನು ಮುಂಬಯಿಯ ಸ್ಟುಡಿಯೋಗಳಲ್ಲಿ ಇಪ್ಪತ್ತೆಂಟು ವರ್ಷ ಲೈಟಿಂಗ್ ಕೆಲಸ ಮಾಡಿದವನು. ಹೆನ್ಸನ್ ಅಂದರೆ ನನಗೆ ಪ್ರಾಣ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಹುಟ್ಟಿದ ಊರು, ಇಸವಿ ಅಂತ ಶುರು ಮಾಡಬೇಡಿ. ಕೋಟಿನಿಂದ ಶುರು ಮಾಡಿ. 1955ರಲ್ಲಿ ವಾಷಿಂಗ್ಟನ್ನಿನ ಒಂದು ಟಿವಿ ಕೇಂದ್ರ ಅವರಿಗೆ ದಿನಕ್ಕೆ ಐದು ನಿಮಿಷದ ಕಾರ್ಯಕ್ರಮ ಕೊಟ್ಟಿತು, ‘ಸ್ಯಾಮ್ ಅಂಡ್ ಫ್ರೆಂಡ್ಸ್’ ಅಂತ. ಅವರಿಗೆ ಆಗ ಹದಿನೆಂಟು ವರ್ಷ. ಅಮ್ಮ ಹಾಕಿ ಬಿಟ್ಟಿದ್ದ ಒಂದು ಹಳೇ ಕೋಟು ಇತ್ತು, ನೀಲಿ ಹಸಿರು ಬೆರೆತ ಬಣ್ಣದ್ದು. ಅದನ್ನು ಕತ್ತರಿಸಿ ಗೊಂಬೆ ಹೊಲಿದರು. ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣು ಇಟ್ಟರು. ಅದೇ ಅವರ ಹೆಸರಾಂತ ಕಪ್ಪೆ ಗೊಂಬೆ ಕರ್ಮಿಟ್. ಆಗ ಅದು ಕಪ್ಪೆಯೂ ಅಲ್ಲ, ಹಲ್ಲಿಯಂಥ ಏನೋ ಒಂದು. ಕಪ್ಪೆ ಆದದ್ದು ಎಷ್ಟೋ ವರ್ಷ ಆದ ಮೇಲೆ. ಆ ಮೊದಲನೇ ಗೊಂಬೆಯನ್ನು ಅವರ ಹೆಂಡತಿ ಜೇನ್ 2010ರಲ್ಲಿ ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ ಕೊಟ್ಟರು. ಜೇನ್ ಬಗ್ಗೆಯೂ ಖಂಡಿತ ಹೇಳಿ. ಇಬ್ಬರೂ ಕಾಲೇಜಿನ ಗೊಂಬೆಯಾಟದ ಕ್ಲಾಸಿನಲ್ಲಿ ಪರಿಚಯ ಆದವರು. ಆ ಐದು ನಿಮಿಷದ ಕಾರ್ಯಕ್ರಮದಲ್ಲಿ ಗೊಂಬೆಯೊಳಗೆ ಜೇನ್ ಅವರ ಕೈಯೂ ಇತ್ತು.

ಇನ್ನೊಂದು ಮಾತು. ಹೆನ್ಸನ್‌ಗೆ ಮೊದಲು ಹುಚ್ಚು ಹಿಡಿಸಿದ್ದು ಗೊಂಬೆ ಅಲ್ಲ, ಟಿವಿ. 1950ರಲ್ಲಿ ಮನೆಯವರ ಬೆನ್ನು ಬಿದ್ದು ಟಿವಿ ತರಿಸಿದರು. ಹೈಸ್ಕೂಲ್ ಮುಗಿಯುವ ಹೊತ್ತಿಗೆ ಟಿವಿಯವರು ಗೊಂಬೆ ಆಡಿಸುವವರನ್ನು ಹುಡುಕುತ್ತಿದ್ದಾರೆ ಅಂತ ಗೊತ್ತಾಯಿತು. ಲೈಬ್ರರಿಯಿಂದ ಪುಸ್ತಕ ತಂದು ಓದಿ ಗೊಂಬೆ ಮಾಡಿದರು. ಬೇರೆಯವರು ಗೊಂಬೆ ಹಿಡಿದುಕೊಂಡು ಟಿವಿಗೆ ಬಂದರು. ಇವರು ಟಿವಿ ಒಳಗೆ ನಿಂತು ಗೊಂಬೆಯನ್ನು ಕರೆದರು. ಅವರ ಕೆಲಸ ಅಷ್ಟು ಬೇರೆ ಆಗಿದ್ದಕ್ಕೆ ಕಾರಣ ಇದೇ ಅಂತ ನನ್ನ ನಂಬಿಕೆ.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ನಾನು ಉಪ್ಪಿನಕುದ್ರು ಗೊಂಬೆಯಾಟ ನೋಡಿ ಬೆಳೆದವನು. ಕೊಗ್ಗ ಕಾಮತರ ಮೇಳ ಬಂತು ಅಂದರೆ ನಮಗೆ ಊಟ ಬೇಡ. ಅಲ್ಲಿ ಗೊಂಬೆಗೆ ಮೇಲಿನಿಂದ ಸೂತ್ರ. ಆಡಿಸುವವರು ಪರದೆಯ ಹಿಂದೆ. ಭಾಗವತರ ಪದ್ಯಕ್ಕೆ, ಚೆಂಡೆ ಮದ್ದಳೆಗೆ ಮರದ ಗೊಂಬೆ ಯಕ್ಷಗಾನದ ಹೆಜ್ಜೆ ಹಾಕುತ್ತದೆ. ಕೊನೇ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಕಾಣಬೇಕಲ್ವಾ? ಅದಕ್ಕೇ ಗಟ್ಟಿ ಬಣ್ಣ, ದೊಡ್ಡ ಕಣ್ಣು, ಹೊಳೆಯುವ ಕಿರೀಟ.

ಟಿವಿಯಲ್ಲಿ ಕೊನೇ ಸಾಲು ಅನ್ನುವುದೇ ಇಲ್ಲ. ಗೊಂಬೆಯ ಮುಖ ನೋಡುವವರ ಮುಖದಿಂದ ಮೂರು ಮೊಳ ದೂರ, ಅಷ್ಟೇ. ಹೆನ್ಸನ್ ಇದನ್ನು ಹಿಡಿದುಕೊಂಡರು. ಅವರಿಗಿಂತ ಮುಂಚೆ ಟಿವಿಯಲ್ಲಿ ಗೊಂಬೆ ಅಂದರೆ ಒಂದು ಪುಟ್ಟ ರಂಗಮಂಟಪ ಇಟ್ಟು, ಅದರ ಎದುರಿಗೆ ಕ್ಯಾಮೆರಾ ನಿಲ್ಲಿಸುವುದೇ ಹೆಚ್ಚು. ಇವರು ಮಂಟಪವನ್ನೇ ತೆಗೆದುಹಾಕಿದರು. ಟಿವಿಯ ನಾಲ್ಕು ಅಂಚೇ ರಂಗ. ಆಡಿಸುವವರು ಚೌಕಟ್ಟಿನ ಕೆಳಗೆ, ತಲೆ ಮೇಲೆ ಕೈ ಎತ್ತಿಕೊಂಡು. ಮರದ ಬದಲು ಸ್ಪಂಜು, ಮೆತ್ತನೆ ಬಟ್ಟೆ. ಬೆರಳು ಸ್ವಲ್ಪ ಮಡಿಸಿದರೆ ಗೊಂಬೆಯ ಮುಖವೇ ಮುದುಡುತ್ತದೆ.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಇದೇ ತಪ್ಪು ನಡೆಯಿತು, ಯಾವ ಸಂಸ್ಥೆ ಅಂತ ಬೇಡ. ಮಕ್ಕಳ ಕಾರ್ಯಕ್ರಮಕ್ಕೆ ಒಬ್ಬ ಒಳ್ಳೆ ಕಲಾವಿದರನ್ನು ದೂರದಿಂದ ಕರೆಸಿದ್ದರು. ಪರದೆ, ಝಾಲರು ಎಲ್ಲಾ ಕಟ್ಟಿ, ಕ್ಯಾಮೆರಾವನ್ನು ಇಪ್ಪತ್ತು ಅಡಿ ಹಿಂದೆ ಇಟ್ಟು, ಒಂದೇ ಶಾಟಿನಲ್ಲಿ ಪೂರ್ತಿ ಆಟ ತೆಗೆದರು. ಕ್ಯಾಮೆರಾಗೆ ಕಾಣುವುದನ್ನು ತೋರಿಸುವ ಪುಟ್ಟ ಟಿವಿ, ಅಂದರೆ ಮಾನಿಟರ್ ಕೂಡ ಅವರಿಗೆ ತೋರಿಸಲಿಲ್ಲ. ಆಮೇಲೆ ಅವರು ಟಿವಿ ಪರದೆಯ ಮೇಲೆ ತಮ್ಮ ಗೊಂಬೆಗಳನ್ನು ನೋಡಿ, ‘ಇಷ್ಟೇ ಕಾಣೋದಾ?’ ಅಂತ ಕೇಳಿದರು. ಆ ಧ್ವನಿ ನನಗೆ ಇನ್ನೂ ಕೇಳಿಸುತ್ತದೆ. ಅಷ್ಟು ಚಂದದ ಗೊಂಬೆಗಳು ಇರುವೆ ಥರ ಕಾಣುತ್ತಿದ್ದವು.

ಹೆನ್ಸನ್ ತಂಡದಲ್ಲಿ ಮಾನಿಟರೇ ಕಣ್ಣು. ಆಡಿಸುವವರು ತಲೆ ಎತ್ತಿ ಗೊಂಬೆಯನ್ನು ನೋಡುವುದಿಲ್ಲ. ಕೆಳಗೆ ಇಟ್ಟಿರುವ ಪುಟ್ಟ ಟಿವಿಯಲ್ಲಿ, ನೋಡುವವರಿಗೆ ಏನು ಕಾಣುತ್ತದೋ ಅದನ್ನೇ ತಾವೂ ನೋಡುತ್ತಾರೆ. ಅದು ಕನ್ನಡಿ ಅಲ್ಲ. ನೀವು ಕೈ ಬಲಕ್ಕೆ ಸರಿಸಿದರೆ ಪರದೆಯಲ್ಲಿ ಗೊಂಬೆ ಎಡಕ್ಕೆ ಹೋಗುತ್ತದೆ. ಮೊದಲ ದಿನ ಎಲ್ಲರ ತಲೆ ತಿರುಗುತ್ತದೆ. ನೀವು ಮಕ್ಕಳಿಗೆ ಇದನ್ನೇ ಮಾಡಿಸಿ. ಒಂದು ಮೊಬೈಲಿನ ಹಿಂದಿನ ಕ್ಯಾಮೆರಾವನ್ನು ಟಿವಿಗೆ ಜೋಡಿಸಿ, ಮೇಜಿನ ಹಿಂದೆ ಮಕ್ಕಳು ಅಡಗಿಕೊಂಡು ಟಿವಿ ನೋಡಿಕೊಂಡೇ ಗೊಂಬೆ ಆಡಿಸಲಿ.

ಬಾಯಿ ಆಡಿಸುವುದನ್ನೂ ಹೇಳಿಕೊಡಿ. ಎಲ್ಲರೂ ಮಾಡುವ ತಪ್ಪು ನಾಲ್ಕು ಬೆರಳು ಮೇಲೆ ಎತ್ತುವುದು. ಆಗ ಗೊಂಬೆ ಪ್ರತಿ ಮಾತಿಗೂ ಆಕಾಶ ನೋಡುತ್ತದೆ. ಬೆರಳು ಅಲ್ಲಾಡಬಾರದು, ಹೆಬ್ಬೆರಳು ಕೆಳಗೆ ಇಳಿಯಬೇಕು. ನಾವು ಮಾತಾಡುವಾಗ ಕೆಳಗಿನ ದವಡೆ ತಾನೇ ಆಡುವುದು? ಕನ್ನಡಕ್ಕೆ ಇನ್ನೂ ಒಂದು ಕಷ್ಟ ಇದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಮಾತು ಮುಗಿದಾಗ ಬಾಯಿ ತೆರೆದೇ ಇರುತ್ತದೆ, ಅದನ್ನು ಮುಚ್ಚಲು ಮರೆತರೆ ಗೊಂಬೆ ಪೆದ್ದನ ಥರ ನಿಲ್ಲುತ್ತದೆ. ‘ಅಮ್ಮ ಬಂದಳು’ ಅಂತ ಹೇಳಿಸಿ ನೋಡಿ. ‘ಮ್ಮ’ದಲ್ಲಿ, ‘ಬ’ದಲ್ಲಿ ತುಟಿ ಸೇರಬೇಕು. ಮಕ್ಕಳು ಇದನ್ನು ಮಾಡುತ್ತಾ ಮಾಡುತ್ತಾ ಕನ್ನಡದ ಒಂದೊಂದು ಅಕ್ಷರವನ್ನೂ ಕಿವಿಗೊಟ್ಟು ಕೇಳುತ್ತಾರೆ.

ಕಣ್ಣು ಕೊನೆಗೆ ಅಂಟಿಸಿ. ಹೆನ್ಸನ್ ಜೊತೆ ಗೊಂಬೆ ಕಟ್ಟುತ್ತಿದ್ದ ಡಾನ್ ಸಾಹ್ಲಿನ್ ಅವರ ಜಾಣತನವೆಲ್ಲಾ ಇಲ್ಲಿತ್ತು. ಎರಡು ಕಣ್ಣು ಮತ್ತು ಮೂಗು ಸೇರಿ ಒಂದು ತ್ರಿಕೋನ ಆಗಬೇಕು, ಕಣ್ಣಿನ ಕಪ್ಪು ಒಳಗಡೆಗೆ ಸ್ವಲ್ಪ ಸರಿದಿರಬೇಕು. ಆಗ ಗೊಂಬೆ ನಿಮ್ಮನ್ನೇ ನೋಡುತ್ತದೆ. ಆಚೆ ಸರಿದರೆ ಎಲ್ಲೋ ನೋಡುತ್ತದೆ. ಮೊದಲು ಗುಂಡುಪಿನ್ನಿನಲ್ಲಿ ಚುಚ್ಚಿ, ಟಿವಿಯಲ್ಲಿ ನೋಡಿ, ಸರಿ ಅನ್ನಿಸಿದ ಮೇಲೆ ಗಮ್ ಹಾಕಿ. ಪಿಂಗ್‌ಪಾಂಗ್ ಚೆಂಡು ಧೋಬಿ ತಲಾವ್ ಕಡೆಯ ಆಟದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಸ್ಪಂಜನ್ನು ಗಾದಿ ಅಂಗಡಿಯಲ್ಲಿ ಕೇಳಿ, ತುಂಡುಗಳನ್ನು ಸುಮ್ನೆ ಕೊಡುತ್ತಾರೆ.

ಅವರ ಗೊಂಬೆಗಳಿದ್ದ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ 1969ರ ನವೆಂಬರಿನಲ್ಲಿ ಶುರುವಾಯಿತು, ಅವರ ಗೊಂಬೆಗಳದ್ದೇ ಆದ ‘ಮಪೆಟ್ ಶೋ’ 1976ರಿಂದ 1981ರವರೆಗೆ, 120 ಕಂತು. ಅಮೆರಿಕದ ದೊಡ್ಡ ಚಾನೆಲ್‌ಗಳು ಬೇಡ ಅಂದಾಗ ಲೂ ಗ್ರೇಡ್ ಅನ್ನುವವರು ಇಂಗ್ಲೆಂಡಿಗೆ ಕರೆಸಿಕೊಂಡರು. ಇವೆಲ್ಲಾ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಮಕ್ಕಳಿಗೆ ಹೇಳಲೇಬೇಕಾದದ್ದು 1979ರ ‘ಮಪೆಟ್ ಮೂವಿ’ ಸಿನಿಮಾದ ಒಂದು ದೃಶ್ಯ. ಕೆರೆಯ ನಡುವೆ ದಿಮ್ಮಿಯ ಮೇಲೆ ಕೂತು ಕರ್ಮಿಟ್ ಹಾಡುತ್ತದೆ. ಸುತ್ತ ನೀರು. ಹಾಗಾದರೆ ಹೆನ್ಸನ್ ಎಲ್ಲಿ? ನೀರಿನ ಕೆಳಗೆ, ಒಂದು ಲೋಹದ ತೊಟ್ಟಿಯೊಳಗೆ ಮುದುರಿ ಕೂತಿದ್ದರು. ಆರಡಿಗೂ ಎತ್ತರದ ಮನುಷ್ಯ. ರಬ್ಬರ್ ತೋಳಿನ ಒಳಗಿಂದ ಕೈ ಮೇಲೆ ಚಾಚಿ, ಪುಟ್ಟ ಮಾನಿಟರ್ ನೋಡಿಕೊಂಡು ಆಡಿಸಿದರು. ಇದನ್ನು ಹೇಳುವ ಮೊದಲು ಮಕ್ಕಳ ಕೈಯಲ್ಲೇ ಊಹೆ ಮಾಡಿಸಿ.

ಮಾಟುಂಗಾ ವಾಚಕ:

ಅಣ್ಣ, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ನಾವು ಮುಂಬಯಿಯಲ್ಲಿ ಕೂತು ಮಾತಾಡುವ ಗೊಂಬೆಯ ಕಲಾವಿದ ರಾಮದಾಸ್ ಪಾಧ್ಯೆ ಅವರ ಹೆಸರು ಎತ್ತದೆ ಇದ್ದರೆ ಹೇಗೆ? ಅವರ ತಂದೆ ಯಶವಂತ ಪಾಧ್ಯೆ ಮಾಡಿದ ಅರ್ಧವಟರಾವ್ ಗೊಂಬೆಗೆ ನೂರು ವರ್ಷ ದಾಟಿದೆ. ತಂದೆಯ ನಂತರ ಮಗ ಅದೇ ಗೊಂಬೆಯನ್ನು ಕೈಗೆತ್ತಿಕೊಂಡು ದೂರದರ್ಶನಕ್ಕೆ ತಂದರು. ಲಿಜ್ಜತ್ ಪಾಪಡ್ ಜಾಹೀರಾತಿನ ನಗುವ ಮೊಲ ಗೊತ್ತಲ್ಲ? ಅದೂ ಅವರದೇ. ಮರಾಠಿ ಸಿನಿಮಾದ ತಾತ್ಯಾ ವಿಂಚೂ ಗೊಂಬೆಯೂ ಅವರ ಕೈಯದೇ. ನಮ್ಮ ಕನ್ನಡದಲ್ಲಿ ಇಂದುಶ್ರೀ ಅವರ ಮಾತಾಡುವ ಗೊಂಬೆ ಡಿಂಕು ಇದೆ. ಟೀಚರ್, ಡೊಂಬಿವಲಿ ಮಕ್ಕಳಿಗೆ ಅರ್ಧವಟರಾವ್ ಹತ್ತಿರ, ಕರ್ಮಿಟ್ ದೂರ. ಹತ್ತಿರದಿಂದ ಶುರು ಮಾಡಬಾರದಾ?

ಕುಂದಾಪ್ರದವ, ಬೊರಿವಲಿ:

ಪಾಧ್ಯೆಯವರ ಬಗ್ಗೆ ನನಗೂ ತುಂಬಾ ಗೌರವ. ಖಂಡಿತ ಹೇಳಲಿ. ಆದರೆ ಒಂದು ವ್ಯತ್ಯಾಸ ಮಕ್ಕಳಿಗೆ ಗೊತ್ತಾಗಬೇಕು. ಅರ್ಧವಟರಾವ್ ಆಟದಲ್ಲಿ ಕಲಾವಿದರು ಗೊಂಬೆಯ ಪಕ್ಕದಲ್ಲೇ ಕೂತಿರುತ್ತಾರೆ, ತುಟಿ ಅಲ್ಲಾಡದೆ ಮಾತಾಡುವುದೇ ಅಲ್ಲಿನ ವಿದ್ಯೆ. ಹೆನ್ಸನ್ ಮರೆಯಲ್ಲಿ ಇರುತ್ತಾರೆ, ತುಟಿ ಅಲ್ಲಾಡಿದರೂ ಚಿಂತೆ ಇಲ್ಲ. ನಾಚಿಕೆ ಸ್ವಭಾವದ ಮಗುವಿಗೆ ಮೇಜಿನ ಹಿಂದಿನ ಜಾಗವೇ ಒಳ್ಳೆಯದು. ಅದಕ್ಕೇ ನಾನು ಹೆನ್ಸನ್ ಅಂದೆ.

ಒಂದು ವಿಷಯ ಬಿಟ್ಟುಹೋಗಿತ್ತು. ‘ಸೆಸಮಿ ಸ್ಟ್ರೀಟ್’ನ ಎರ್ನಿ ಗೊಂಬೆಯನ್ನು ಇಬ್ಬರು ಸೇರಿ ಆಡಿಸುತ್ತಿದ್ದರು. ಹೆನ್ಸನ್ ಅವರ ಬಲಗೈ ತಲೆಯಲ್ಲಿ, ಎಡಗೈ ಗೊಂಬೆಯ ಎಡಗೈಯಲ್ಲಿ. ಗೊಂಬೆಯ ಬಲಗೈ ಮಾತ್ರ ಪಕ್ಕದಲ್ಲಿ ಅಂಟಿ ನಿಂತ ಇನ್ನೊಬ್ಬರದು. ಇಬ್ಬರು ಮಕ್ಕಳಿಗೆ ಒಂದು ಗೊಂಬೆ ಕೊಡಿ.

ಪುಣೆ ಅಜ್ಜಿ:

ಹೆನ್ಸನ್ ಸಾವಿನ ಬಗೆಗಿನ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಬರೆಯುತ್ತೇನೆ. ನರ್ಸ್ ಆಗಿ ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ಕಳೆದವಳು. ಹೇಳಮ್ಮಾ, ನೇರವಾಗಿ ಹೇಳು. ಗಂಟಲಿಗೆ ಬರುವಂಥದ್ದೇ ಒಂದು ಜಾತಿಯ ಸೋಂಕು ಶ್ವಾಸಕೋಶಕ್ಕೆ ಇಳಿದು, ಮೈಗೆಲ್ಲಾ ಹರಡಿತು. ಆಸ್ಪತ್ರೆಗೆ ಹೋಗುವುದು ತಡವಾಯಿತು. 1990ರ ಮೇ 16ರಂದು ಹೋದರು. ‘ದೇವರ ಹತ್ತಿರ ಹೋದರು’ ಅಂತ ಸುತ್ತಿ ಬಳಸಿ ಹೇಳಿದರೆ ಮಕ್ಕಳಿಗೆ ಭಯ ಜಾಸ್ತಿ ಆಗುತ್ತದೆ.

ಆಮೇಲೆ ಅವರ ನೆನಪಿನ ಸಭೆಯ ಬಗ್ಗೆ ಹೇಳು. ಯಾರೂ ಕಪ್ಪು ಬಟ್ಟೆ ಹಾಕಿಕೊಂಡು ಬರಬೇಡಿ ಅಂತ ಅವರೇ ಮೊದಲೇ ಬರೆದಿಟ್ಟಿದ್ದರು. ನ್ಯೂಯಾರ್ಕಿನ ದೊಡ್ಡ ಚರ್ಚಿನಲ್ಲಿ, ‘ಸೆಸಮಿ ಸ್ಟ್ರೀಟ್’ನ ದೊಡ್ಡ ಹಳದಿ ಹಕ್ಕಿ ಬಿಗ್ ಬರ್ಡ್ ನಡೆದು ಬಂದು, ಕರ್ಮಿಟ್ ಹಾಡುತ್ತಿದ್ದ ಹಾಡನ್ನು ಹಾಡಿತು. ಮೊಬೈಲಿನಲ್ಲಿ ಅದನ್ನು ನೋಡಿ ನಾನೂ ಮೊಮ್ಮಗನೂ ಒಟ್ಟಿಗೆ ಅತ್ತಿದ್ದೇವೆ.

ಡೊಂಬಿವಲಿ ಟೀಚರ್:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ಕ್ಲಾಸು ಆಯಿತು, ಹಾಗಾಗಿ ಬರೆಯುತ್ತಿದ್ದೇನೆ.

ಕೋಟಿನಿಂದ ಶುರು ಮಾಡಿದೆ. ನಮ್ಮಲ್ಲಿ ಕೋಟು ಎಲ್ಲಿ? ನಮ್ಮ ಅತ್ತೆಯ ಹತ್ತಿರ ಒಂದು ಹಸಿರು ಉಣ್ಣೆ ಶಾಲು ಇತ್ತು, ಒಂದು ಮೂಲೆ ನುಸಿ ತಿಂದಿತ್ತು. ಕೇಳಲು ಸಂಕೋಚ. ಅವರು ವಿಷಯ ಕೇಳಿ, ಕತ್ತರಿಯನ್ನು ತಾವೇ ತಂದುಕೊಟ್ಟು, ‘ನುಸಿ ತಿಂದ ಕಡೆ ಬೇಡ, ಮಧ್ಯ ಚೆನ್ನಾಗಿದೆ, ಅಲ್ಲಿ ತಗೋ’ ಅಂದರು. ಬಾಯಿಯ ಒಳಗಡೆಗೆ ಅವರದೇ ಕೆಂಪು ರವಿಕೆ ಬಟ್ಟೆ.

ಕಣ್ಣು ಪಿನ್ನಿನಲ್ಲಿ ಚುಚ್ಚಿ ಟಿವಿಯಲ್ಲಿ ನೋಡಿದೆವು. ಮಕ್ಕಳೇ ‘ಇನ್ನೂ ಒಳಗೆ, ಇನ್ನೂ ಒಳಗೆ’ ಅಂತ ಕೂಗುತ್ತಿದ್ದರು. ಒಂದು ಸಲ ಸರಿಸಿದಾಗ ಇಡೀ ಕೋಣೆ ಸುಮ್ಮನಾಯಿತು. ಅಣ್ಣ, ನೀವು ಹೇಳಿದ್ದು ಸರಿ, ಅದು ನಮ್ಮನ್ನೇ ನೋಡುತ್ತಿತ್ತು.

ಹೆನ್ಸನ್ ತೀರಿಕೊಂಡದ್ದು ಅಜ್ಜಿ ಹೇಳಿದ ಹಾಗೆ ನೇರವಾಗಿ ಹೇಳಿದೆ. ಒಬ್ಬ ಹುಡುಗ ‘ಹಾಗಾದ್ರೆ ಕರ್ಮಿಟ್ ಕೈ ಯಾರದು ಈಗ?’ ಅಂತ ಕೇಳಿದ. ಬೇರೆಯವರು ಕಲಿತುಕೊಂಡು ಆಡಿಸುತ್ತಿದ್ದಾರೆ ಅಂದೆ. ಅರ್ಧವಟರಾವ್ ವಿಷಯವನ್ನೂ ಅಲ್ಲೇ ಸೇರಿಸಿ ಹೇಳಿದೆ, ಅಪ್ಪನ ಗೊಂಬೆ ಮಗನ ಕೈಗೆ ಬಂದದ್ದು.

ಆಮೇಲೆ ಇಬ್ಬರಿಗೆ ಒಂದು ಗೊಂಬೆ. ಆ ಕಾಲುಚೀಲದ ಹುಡುಗಿ ತಲೆ ಮತ್ತು ಎಡಗೈ ಹಿಡಿದಳು. ಕ್ಲಾಸಿನಲ್ಲೇ ದೊಡ್ಡ ತಂಟೆಕೋರ ಬಲಗೈ. ಅವನ ಕೈಗೆ ಒಂದು ಚಕ್ಕುಲಿ ಕೊಟ್ಟು ಗೊಂಬೆಗೆ ತಿನ್ನಿಸು ಅಂದೆ. ಟಿವಿ ನೋಡಿಕೊಂಡು ಬಾಯಿಗೆ ಅಂತ ಎತ್ತಿದ, ಅದು ಉಲ್ಟಾ ಹೋಗಿ ಕಣ್ಣಿಗೆ ಬಡಿಯಿತು. ಮೇಜಿನ ಹಿಂದಿನಿಂದ ಅವಳ ಧ್ವನಿ ಬಂತು: ‘ಅಯ್ಯೋ, ಅಲ್ಲಿ ಅಲ್ಲ ಕಣೋ, ಕೆಳಗೆ! ನನ್ನ ಬಾಯಿ ಕೆಳಗಿದೆ!’

ಮುಂದಿನ ವಾರಕ್ಕೆ ಇನ್ನೂ ಆರು ಗೊಂಬೆ ಹೊಲಿಯಬೇಕು. ಅತ್ತೆ ಅಟ್ಟದ ಟ್ರಂಕು ಇಳಿಸಿ ಇಟ್ಟಿದ್ದಾರೆ. ಅಣ್ಣ, ಸ್ಪಂಜು ಎಷ್ಟು ದಪ್ಪದ್ದು ತರಲಿ, ಅರ್ಧ ಇಂಚೋ ಒಂದು ಇಂಚೋ?

ಕುಂದಾಪ್ರದವ, ಬೊರಿವಲಿ:

ಅರ್ಧ ಇಂಚು ಸಾಕು ತಂಗಿ. ಮಕ್ಕಳ ಕೈ ಚಿಕ್ಕದು, ಒಂದು ಇಂಚು ಹಾಕಿದರೆ ಹೆಬ್ಬೆರಳು ಇಳಿಯುವುದಿಲ್ಲ. ಭಾನುವಾರ ನಾನೂ ಬರಲಾ? ಎರಡು ಹಳೇ ಲೈಟು ಇವೆ ನನ್ನ ಹತ್ತಿರ.