ಬೇಸ್ ಗಿಟಾರ್: ಜೋರಾಗಿ ಮೀಟಿದಷ್ಟೂ ಸದ್ದು ತೆಳುವಾಗ್ತದೆ, ಯಾಕೆ?

ಬೇಸ್_ದಾವಣಗೆರೆ:
ಗಣೇಶನ ಹಬ್ಬದ ಆರ್ಕೆಸ್ಟ್ರಾಕ್ಕೆ ಬೇಸ್ ನುಡಿಸ್ತೀನಿ. 4 ತಂತಿ, 45–105 ಸೆಟ್ (ತಂತಿ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ). ಮನೆಯಲ್ಲಿ ಇ ತಂತಿ (ಎಲ್ಲಕ್ಕಿಂತ ದಪ್ಪದ್ದು) ದುಂಡಗೆ ಕೇಳ್ತದೆ. ಬಯಲು ವೇದಿಕೆ ಮೇಲೆ ಡ್ರಮ್ಸ್ ಜೊತೆ ಜೋರಾಗಿ ಮೀಟಿದ್ರೆ ಬರೀ ಕಟಕಟ, ತೂಕವೇ ಇಲ್ಲ. ಶ್ರುತಿನೂ ಏರಿದಂಗೆ ಅನ್ಸುತ್ತೆ. ತಂತಿ ಬದಲಿಸ್ಬೇಕಾ?

ದಪ್ಪತಂತಿ:
ತಂತಿ ಬಿಡ್ರಿ, ಬಲಗೈ ನೋಡ್ರಿ. ಬಿಗಿಯಾಗಿ ಮೀಟಿದಾಗ ಇ ತಂತಿ ಅಗಲವಾಗಿ ತೂಗಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಪಟ್ಟಿಗೆ) ಬಡಿಯುತ್ತೆ. ಅಲ್ಲಿಂದ ಮುಂದೆ ಎಷ್ಟು ಬಲ ಹಾಕಿದ್ರೂ ತೂಗಾಟ ಹೆಚ್ಚೋಕೆ ಜಾಗ ಇಲ್ಲ, ಬಡಿತ ಮಾತ್ರ ಹೆಚ್ಚುತ್ತೆ. ಶ್ರುತಿದು ನಿಮ್ಮ ಭ್ರಮೆ ಅಲ್ಲ. ಅಗಲವಾಗಿ ತೂಗುವಾಗ ತಂತಿಯ ಬಿಗಿ ಆ ಕ್ಷಣಕ್ಕೆ ಏರುತ್ತೆ. ಟ್ಯೂನರ್ ಹಚ್ಚಿ ಖಾಲಿ ಇ ತಂತಿಯನ್ನ ಮೆಲ್ಲಗೊಮ್ಮೆ, ಜೋರಾಗೊಮ್ಮೆ ಮೀಟಿ: ಎರಡನೇ ಸಲ ಮುಳ್ಳು ಮೇಲೆ ಹಾರಿ, ನಿಧಾನಕ್ಕೆ ಇಳಿದು ನಿಲ್ಲುತ್ತೆ.

ಬಯಲಲ್ಲಿ ತಗ್ಗು ಸ್ವರವನ್ನ ವಾಪಸ್ ಕಳಿಸೋ ಗೋಡೆ ಇರಲ್ಲ, ಅದಕ್ಕೇ ಕೈ ತಾನಾಗೇ ಬಿಗಿಯಾಗೋದು. ಆ್ಯಂಪ್ ವಾಲ್ಯೂಮ್ ಏರಿಸಿ, ಅರ್ಧ ಬಲದಲ್ಲಿ ನುಡಿಸಿ.

ದುರ್ಗದ_ಫ್ರೆಟ್:
ಎಡಗೈನೂ ಸೇರಿಸ್ಕೊಳ್ರಿ ಅಣ್ಣ. 5ನೇ ಫ್ರೆಟ್‌ನಲ್ಲಿ ಬೆರಳು ಸುಮ್ಮನೆ ತಾಗಿಸಿ, ಒಂದೇ ಸಮ ಮೀಟ್ತಾ ನಿಧಾನಕ್ಕೆ ಒತ್ತಡ ಏರಿಸಿ. ಮೊದಲು ದಬ್ ಅನ್ನೋ ಸತ್ತ ಸದ್ದು, ಆಮೇಲೆ ಝರ್ ಅನ್ನುತ್ತೆ, ಆಮೇಲೆ ಸ್ವರ ತಿಳಿಯಾಗುತ್ತೆ. ಅಲ್ಲಿಗೆ ಕೂದಲೆಳೆಯಷ್ಟು ಸೇರಿಸಿ, ಸಾಕು. ಬಹಳ ಜನ ಅದರ ಎರಡರಷ್ಟು ಒತ್ತುತ್ತಾರೆ. ಫ್ರೆಟ್ ಎತ್ತರ ಇದ್ರೆ ಅಷ್ಟಕ್ಕೇ ಶ್ರುತಿ ಏರುತ್ತೆ. ಬೆರಳು ಎರಡು ಫ್ರೆಟ್‌ಗಳ ನಡುವೆ ಬೇಡ. ಲೋಹದ ಪಟ್ಟಿಯ ಹಿಂದೆ, ಅದಕ್ಕೆ ಅಂಟಿದಂಗೆ ಇರಲಿ. ಹೆಬ್ಬೆರಳು ತೆಗೆದ್ರೂ ಸ್ವರ ತಿಳಿಯಾಗೇ ಉಳಿದ್ರೆ ಹಿಡಿತ ಸರಿ ಇದೆ ಅಂತ.

ದಪ್ಪತಂತಿ:
ಸರಿಯಾಗಿ ಹೇಳಿದ್ರಿ.

ಸೆಟಪ್_ಗುರು:
ಒಂದು ತಕರಾರು: ಯಾವಾಗಲೂ ಮೆಲ್ಲಗೆ ಅನ್ನೋದನ್ನ ನಾನು ಒಪ್ಪಲ್ಲ. ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಜಾಗ) ಹತ್ತಿರ ತಂತಿ ಗಟ್ಟಿ, ತೂಗಾಟ ಕಮ್ಮಿ. ಅಲ್ಲಿ ಬಲವಾಗಿ ಮೀಟಿದ್ರೆ ಡ್ರಮ್ಸ್ ನಡುವೆಯೂ ಸೀಳಿ ಬರೋ ಗುರ್ ಅನ್ನೋ ಸದ್ದು ಸಿಗುತ್ತೆ. ಅದೇ ಬಲ ನೆಕ್ (ಗಿಟಾರಿನ ಕತ್ತು) ಕಡೆ ಹಾಕಿದ್ರೆ ಕಟಕಟ.

ಮೆಲ್ಲಗೆ ಮೀಟಿದ್ರೂ ಬಡಿದ್ರೆ ಮಾತ್ರ ಸೆಟಪ್ (ಗಿಟಾರಿನ ಹೊಂದಾಣಿಕೆ) ಮುಟ್ಟಿ. ಇ ತಂತಿಯನ್ನ 1ನೇ ಫ್ರೆಟ್‌ನಲ್ಲೂ, ನೆಕ್ ಬಾಡಿ ಸೇರೋ ಫ್ರೆಟ್‌ನಲ್ಲೂ ಒತ್ತಿ ಹಿಡಿದು, 7–8ನೇ ಫ್ರೆಟ್ ಮೇಲಿನ ಸಂದು ನೋಡಿ, ಸುಮಾರು 0.3 ಮಿ.ಮೀ. ಇರಬೇಕು. ನಮ್ಮ ಕಡೆ ಬೇಸಿಗೆ ಒಣಗಾಳಿಗೂ ಮಳೆಗಾಲದ ತೇವಕ್ಕೂ ನೆಕ್ ಸರಿದಾಡುತ್ತೆ. ಟ್ರಸ್ ರಾಡ್ (ನೆಕ್ ಒಳಗೆ ಅದರ ಬಾಗು ಸರಿಪಡಿಸೋ ಕಂಬಿ) ತಿರುಗಿಸೋದಾದ್ರೆ ಒಂದು ಸಲಕ್ಕೆ ಕಾಲು ಸುತ್ತು ದಾಟಬೇಡಿ, ತಿರುಗಿಸಿದ ಮೇಲೆ ಮತ್ತೆ ಶ್ರುತಿ ಮಾಡಿ ಅಳೆಯಿರಿ.