ಫಿರಂಗಿ: ಮನುಷ್ಯನೋ, ತೋಪೋ?

ರಾಯಚೂರು ಕಾಳಗದ ಬಗ್ಗೆ ಗೆಳೆಯರೊಬ್ಬರು ಬರೆದದ್ದನ್ನು ತಿದ್ದುತ್ತಾ ಕೂತಿದ್ದೇನೆ. 1520ರ ಕಥೆ. ಒಂದು ಕಡೆ ಕೃಷ್ಣದೇವರಾಯ, ಇನ್ನೊಂದು ಕಡೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ. ಒಂದು ಪುಟದಲ್ಲಿ ಆದಿಲ್ ಶಾಹನ ಫಿರಂಗಿಗಳು ಗುಡುಗುತ್ತವೆ. ಪುಟ ತಿರುಗಿಸಿದರೆ ರಾಯನ ಕಡೆಯ ಫಿರಂಗಿಗಳು ಕೋಟೆ ಗೋಡೆಯ ಮೇಲೆ ತಲೆ ಎತ್ತಿದವರನ್ನು ಗುರಿಯಿಟ್ಟು ಹೊಡೆಯುತ್ತಾರೆ. ಮೊದಲಿನವು ತೋಪುಗಳು. ಆಮೇಲಿನವರು ಕ್ರಿಸ್ತೋವಾಂವ್ ದೆ ಫಿಗೈರೆದೋ ಮತ್ತು ಅವನ ಜೊತೆಗಿದ್ದ ಪೋರ್ಚುಗೀಸ್ ಕೋವಿಗಾರರು. ಬರೆದವರನ್ನು ಬೈಯುವ ಹಾಗೂ ಇಲ್ಲ, ಎರಡೂ ಅರ್ಥ ಕನ್ನಡದಲ್ಲಿ ಇವೆ. ಆದರೆ ಓದುವವರ ಗತಿ?

ಹಿಂದಿಯವರಿಗೆ ಫಿರಂಗಿ ಅಂದರೆ ಬಿಳಿಯ, ಅಷ್ಟೇ. ಮರಾಠಿಯಲ್ಲಿ ಯುರೋಪಿನಿಂದ ಬಂದ ಉದ್ದನೆಯ ನೇರ ಅಲಗಿನ ಕತ್ತಿಗೆ 'ಫಿರಂಗ್' ಅನ್ನುತ್ತಾರೆ. ನಮ್ಮಲ್ಲಾದರೆ ಇವತ್ತು ಯಾರನ್ನೇ ಕೇಳಿ, ಫಿರಂಗಿ ಅಂದರೆ ಗಾಲಿ ಮೇಲಿನ ದೊಡ್ಡ ತೋಪು. ಮನುಷ್ಯನ ಅರ್ಥ ಹಳೆಯ ಬರಹಗಳಲ್ಲಿ ಉಳಿದುಕೊಂಡಿದೆ.

ಪದದ ಹುಟ್ಟಿನ ಬಗ್ಗೆ ಜಾಸ್ತಿ ಜಗಳ ಇಲ್ಲ. 'ಪರದೇಶ'ದ 'ಪರ' ಕಿವಿಗೆ ಬಿದ್ದು, ಪರಂಗಿ (ಫಿರಂಗಿಯ ಇನ್ನೊಂದು ರೂಪ) ಅಂದರೆ ಪರರು ಅನಿಸಬಹುದು. ಹಾಗಲ್ಲ. ಯುರೋಪಿನ ಫ್ರಾಂಕ್ ಜನರ ಹೆಸರು ಅರಬರ ಬಾಯಲ್ಲಿ 'ಇಫ್ರಂಜ್' ಆಯಿತು, ಪಾರಸಿಯಲ್ಲಿ 'ಫರಂಗ್' ಆಯಿತು. ಶಿಲುಬೆಯ ಯುದ್ಧಗಳ ಕಾಲಕ್ಕೆ ಪಡುವಣದಿಂದ ಬಂದ ಕ್ರೈಸ್ತರೆಲ್ಲ ಅವರ ಲೆಕ್ಕಕ್ಕೆ ಫರಂಗಿಗಳೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವ ಹೊತ್ತಿಗೆ ಹೆಸರು ರೆಡಿ ಇತ್ತು. ಅದು ಪೋರ್ಚುಗೀಸರ ಮೇಲೆ ಕೂತಿತು. ಅವರು ಅಮೆರಿಕದಿಂದ ತಂದ ಹಣ್ಣು ಹಳೇ ಮೈಸೂರಿನ ಕಡೆ ಪರಂಗಿ ಹಣ್ಣು ಆಯಿತು. ಅವರೊಂದಿಗೆ ಬಂದ ಲೈಂಗಿಕ ಕಾಯಿಲೆಯೊಂದನ್ನು (ಸಿಫಿಲಿಸ್) 16ನೇ ಶತಮಾನದ ಆಯುರ್ವೇದ ಗ್ರಂಥ 'ಭಾವಪ್ರಕಾಶ'ದಲ್ಲಿ ಫಿರಂಗ ರೋಗ ಅಂತ ಕರೆದಿದ್ದಾರೆ. ಹಣ್ಣು ತಿನ್ನುವಾಗ ಅದನ್ನು ನೆನೆಯದಿದ್ದರೆ ಒಳ್ಳೇದು.

ಹಾಗಾದರೆ ತೋಪಿಗೂ ಅದೇ ಕಾರಣವಾ? ಫಿರಂಗಿಗಳು ತಂದದ್ದು, ಅದಕ್ಕೆ ಫಿರಂಗಿ? ಸುಮ್ನೆ ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಈ ಹೆಸರು ಮೊದಲು ಬಿದ್ದದ್ದು ಎಲ್ಲ ತೋಪುಗಳಿಗೂ ಅಲ್ಲ, ಒಂದು ಬಗೆಯ ತೋಪಿಗೆ ಅನ್ನುವುದು ನನ್ನ ವಾದ.

ಪೋರ್ಚುಗೀಸರ ಹಡಗಿನ ಅಂಚಿನಲ್ಲಿ ಕವಲುಗೂಟದ ಮೇಲೆ ಸಣ್ಣ ತೋಪುಗಳು ಇರುತ್ತಿದ್ದವು. ಒಬ್ಬನೇ ಬಾಲ ಹಿಡಿದು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು. ಮಾಮೂಲಿ ತೋಪಿಗೆ ಬಾಯಿಂದ ಮದ್ದು ತುಂಬಬೇಕು, ಗಜದ ಕೋಲಿನಿಂದ ಜಡಿಯಬೇಕು. ಇದಕ್ಕೆ ಹಾಗಲ್ಲ. ನಳಿಗೆಯ ಹಿಂದೆ ತೆರೆದ ದೋಣಿಯಂಥ ಜಾಗ. ಅಲ್ಲಿಗೆ ಹಿಡಿಕೆ ಇರುವ ಒಂದು ಕಬ್ಬಿಣದ ಅಥವಾ ಕಂಚಿನ ಪಾತ್ರೆಯನ್ನು ಕೂರಿಸುವುದು. ಮದ್ದು ಮೊದಲೇ ಅದರೊಳಗೆ ತುಂಬಿರುತ್ತದೆ. ಹಿಂದೆ ಒಂದು ಬೆಣೆ ಹೊಡೆದು ಬಿಗಿ ಮಾಡಿ, ಪಾತ್ರೆಯ ಕಿವಿಗೆ, ಅಂದರೆ ಬತ್ತಿ ಇಡುವ ತೂತಿಗೆ, ಬೆಂಕಿ ತಾಗಿಸಿದರೆ ಮುಗಿಯಿತು. ಬೆಣೆ ಕಿತ್ತು, ಬಿಸಿ ಪಾತ್ರೆ ತೆಗೆದು ಪಕ್ಕಕ್ಕಿಟ್ಟು, ತುಂಬಿಟ್ಟ ಇನ್ನೊಂದನ್ನು ಕೂರಿಸು. ಸಂದಿಯಲ್ಲಿ ಹೊಗೆ, ಬೆಂಕಿ ಸೋರುತ್ತಿತ್ತು. ಹಾಗಾಗಿ ಹೊಡೆತದ ಬಲ ಕಡಿಮೆ, ಆದರೆ ಒಂದರ ಹಿಂದೆ ಒಂದು ಬೇಗ ಬೇಗ ಹಾರಿಸಬಹುದು. ಹಡಗಿಗೆ ಹತ್ತಲು ಬರುವವರ ಮೇಲೆ ಹೊಡೆಯಲು ಇನ್ನೇನು ಬೇಕು?

ನನ್ನ ವಾದಕ್ಕೆ ಆಸರೆ ಕನ್ನಡನಾಡಿನಿಂದ ದೂರ, ಚೀನಾದಲ್ಲಿದೆ. 1520ರ ದಶಕದಲ್ಲಿ ಮಿಂಗ್ ದೊರೆಗಳ ಸೇನೆ ಪೋರ್ಚುಗೀಸರ ಹಡಗುಗಳ ಮೇಲೆ ಬಿದ್ದು ಇಂಥ ತೋಪುಗಳನ್ನು ಕಿತ್ತುಕೊಂಡಿತು. ಆಮೇಲೆ ತಾವೇ ಮಾಡಿಕೊಂಡರು. ಅದಕ್ಕೆ ಅವರಿಟ್ಟ ಹೆಸರು 'ಫೊಲಾಂಗ್‌ಜಿ'. ಇದೂ ಅದೇ ಫರಂಗಿ! ಚೀನೀಯರಿಗೆ ಫೊಲಾಂಗ್‌ಜಿ ಅಂದರೆ ಪೋರ್ಚುಗೀಸನೂ ಹೌದು, ಈ ಹಿಂಬದಿ ತುಂಬುವ ತೋಪೂ ಹೌದು. ನಮ್ಮ ಗೆಳೆಯರ ಎರಡು ಪುಟಗಳ ಗೊಂದಲ ಅವರಿಗೂ ಇತ್ತು ಅಂದಂಗಾಯ್ತು. 1526ರ ಪಾಣಿಪತ್ ಕದನದ ಮಾತು ಬಂದಾಗ ಬಾಬರ್ ಕೂಡ ತನ್ನ ಆತ್ಮಕಥೆಯಲ್ಲಿ ತನ್ನ ತೋಪುಗಾರ ಉಸ್ತಾದ್ ಅಲಿ ಕುಲಿ 'ಫಿರಂಗಿ' ಹಾರಿಸಿದ ಅನ್ನುತ್ತಾನೆ. ಅಂದರೆ ಅಷ್ಟು ಹೊತ್ತಿಗೆ ಇದು ಆಯುಧದ ಹೆಸರಾಗಿ ನಿಂತಿತ್ತು.

ಮತ್ತೆ ಉಳಿದ ದೊಡ್ಡ ತೋಪುಗಳು? ಅವಕ್ಕೆ ತುರ್ಕರ ಹೆಸರು ಮೊದಲೇ ಇತ್ತು. ತುರ್ಕಿಯಲ್ಲಿ 'ತೋಪ್' ಅಂದರೆ ಚೆಂಡು, ಗುಂಡು, ಆಮೇಲೆ ಗುಂಡು ಹಾರಿಸುವ ಯಂತ್ರ. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಹೆಸರಿಗೆ ಅರ್ಥ ತೋಪಿನ ಬಾಗಿಲು. ನಮ್ಮ ತುಪಾಕಿಯೂ ಅವರ 'ತ್ಯುಫೆಕ್' ಕಡೆಯ ನೆಂಟ. ದಖ್ಖನ್ನಿನ ದೊಡ್ಡ ತೋಪು ಎರಕದಲ್ಲಿ ತುರ್ಕರ ಕೈ ಇತ್ತು ಅನ್ನುವುದಕ್ಕೆ ವಿಜಯಪುರದ ಮುಲುಕ್ ಮೈದಾನ್ ಸಾಕು. 55 ಟನ್ ತೂಕ, ಬಾಯಿ ಮೃಗದ್ದು, ಅದರ ಹಲ್ಲಿನ ನಡುವೆ ಆನೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಅಂದರೆ 'ರೂಮ್' ಸೀಮೆಯವನು, ಅಂದರೆ ತುರ್ಕರ ಸೀಮೆಯವನು. ಊರಿನವರು ಅದನ್ನು ಕರೆಯುವುದೂ ಮುಲುಕ್ ಮೈದಾನ್ ತೋಪು ಅಂತಲೇ.

ಮುಂದೆ ಫಿರಂಗಿ ಅನ್ನುವುದು ಹಿಗ್ಗುತ್ತಾ ಹೋಗಿ ಎಲ್ಲ ತೋಪನ್ನೂ ನುಂಗಿತು. ಕಾರ್ಗಿಲ್ ಯುದ್ಧದ ಸುದ್ದಿಯಲ್ಲಿ 155 ಮಿಲಿಮೀಟರಿನ ಬೊಫೋರ್ಸ್ ಕೂಡ ಫಿರಂಗಿಯೇ. ತೋಪಿಗೆ ಬೇರೆ ಬೇರೆ ಕೆಲಸ ಸಿಕ್ಕಿತು. ಮೈಸೂರು ದಸರಾ ಸುದ್ದಿ ಗಮನಿಸಿ: ಹಾರಿಸುವುದು 21 ಕುಶಾಲತೋಪು, ಹಾರಿಸಲು ತಂದು ನಿಲ್ಲಿಸುವುದು ಫಿರಂಗಿ ಗಾಡಿ. ಸದ್ದಿಗೆ ಒಂದು ಪದ, ಸಾಮಾನಿಗೆ ಒಂದು ಪದ. ಆನೆ ಕುದುರೆಗಳಿಗೆ ತಾಲೀಮು ಕೊಡುವವರಿಗೆ ಈ ವ್ಯತ್ಯಾಸ ಯಾರೂ ಪಾಠ ಮಾಡಿಲ್ಲ, ಬಾಯಿಗೆ ತಾನಾಗೇ ಬರುತ್ತದೆ. ಓಡದ ಸಿನಿಮಾ ತೋಪೆದ್ದು ಹೋಗುವುದು ಬೇರೆ ಕಥೆ. ಮಾವಿನ ತೋಪು ಇನ್ನೂ ಬೇರೆ, ಅದು ನಮ್ಮದೇ ದ್ರಾವಿಡ ಪದ.

ನಮ್ಮವೇ ಅಂದರೆ ಈ ಸಾಲಿನಲ್ಲಿ ಕೋವಿ, ಗುಂಡು, ಮದ್ದು. ಕೋವಿ ಅಂದರೆ ಮೊದಲಿಗೆ ಬರೀ ಕೊಳವೆ. ಔಷಧಿಯ ಮದ್ದು ಸಿಡಿಮದ್ದಾದದ್ದು ನಮ್ಮಲ್ಲಿ ಮಾತ್ರ ಅಲ್ಲ. ಚೀನೀಯರ 'ಹುವೊಯಾವ್' ಅಂದರೆ ಬೆಂಕಿ ಮದ್ದು. ಮರಾಠಿಯ 'ದಾರೂ' ಕೂಡ ಹೀಗೇ, ಅದು ಬಾಟಲಿಯೊಳಕ್ಕೂ ಇಳಿದಿದೆ. ಚಿತ್ರದುರ್ಗದ ಕೋಟೆಗೆ ಹೋದವರು ಮದ್ದು ಬೀಸುವ ಕಲ್ಲುಗಳನ್ನು ನೋಡಿರುತ್ತೀರಿ, ಅಲ್ವಾ?

ಸದ್ಯಕ್ಕೆ ಗೆಳೆಯರ ಬರಹದಲ್ಲಿ ಹೀಗೆ ಮಾಡಿದ್ದೇನೆ. ಜನರಿಗೆ ಪೋರ್ಚುಗೀಸರು. ಆದಿಲ್ ಶಾಹ ಬಿಟ್ಟು ಓಡಿದ ದೊಡ್ಡವಕ್ಕೆ, ಪೋರ್ಚುಗೀಸ್ ಬರಹಗಾರ ನೂನಿಜ್ ಲೆಕ್ಕದಲ್ಲಿ 400, ತೋಪು. ಫಿರಂಗಿಯನ್ನು ಆ ತಿರುಗುವ ಸಣ್ಣ ತೋಪಿಗೆ ಮಾತ್ರ ಮೀಸಲಿಟ್ಟಿದ್ದೇನೆ. ಇವತ್ತಿನ ಓದುಗರಿಗೆ ಇದು ತಲೆಕೆಳಗಾಗಿ ಕಾಣುತ್ತದೆ ಅಂತ ಗೊತ್ತು. ಆದರೂ 1520ಕ್ಕೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮಿಂದ ಬೇಕಾದ್ದು ಎರಡು. ರಾಯಚೂರು, ಕಲಬುರಗಿ, ಬೀದರ್ ಕಡೆಯವರು ಹೇಳಿ: ಹಿರಿಯರ ಮಾತಿನಲ್ಲಿ ಕೋಟೆ ಮೇಲಿನದಕ್ಕೆ ಫಿರಂಗಿ ಅಂತ ಕೇಳಿದ್ದೀರಾ, ಇಲ್ಲಾ ಬರೀ ತೋಪಾ? ಇನ್ನೊಂದು, ಆ ಹಿಡಿಕೆ ಇರುವ ಮದ್ದಿನ ಪಾತ್ರೆಗೆ ಕನ್ನಡದಲ್ಲಿ ಏನನ್ನೋಣ? 'ಮದ್ದಿನ ಗಿಂಡಿ' ಅಂತ ಹಾಕಿಟ್ಟಿದ್ದೇನೆ. ಗಿಂಡಿಗೆ ಮೂತಿ ಇರುತ್ತದೆ, ಇದಕ್ಕಿಲ್ಲ ಅಂತ ಗೆಳೆಯರ ತಕರಾರು. ಇನ್ನೂ ಒಳ್ಳೆಯ ಪದ ಹೊಳೆದರೆ ಬರೆಯಿರಿ.